ಕಾರಿನಲ್ಲಿ ಬಾಸ್ ಬೇಕಾ? ಮೊದಲು ಬಾಗಿಲು ನೋಡಿ, ಆಮೇಲೆ ಸ್ಪೀಕರ್

ಇವತ್ತು ಕಾರಿನ ಬಾಸ್ ಬಗ್ಗೆ ಮಾತಾಡುವ.

"ಕಾರು ಹೊಸತು, ಕಂಪೆನಿಯಿಂದಲೇ ಬಂದ ಮ್ಯೂಸಿಕ್ ಸಿಸ್ಟಮ್, ಹಾಡು ಕ್ಲಿಯರಾಗಿ ಕೇಳ್ತದೆ, ಆದರೆ ಆ 'ಧುಂ' ಅನ್ನುವುದು ಮಾತ್ರ ಇಲ್ಲ ಮಾರಾಯ್ರೆ." ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಕಡೆಯ ಕೇಳುಗರ ಮೆಸೇಜುಗಳಲ್ಲಿ ಈ ಮಾತು ಮತ್ತೆ ಮತ್ತೆ ಬರ್ತದೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: "ಯಾವ ಸ್ಪೀಕರ್ ಹಾಕಿಸ್ಲಿ?"

ನನ್ನ ಉತ್ತರ: ಸದ್ಯಕ್ಕೆ ಯಾವುದೂ ಬೇಡ.

ನಾನು ಓದಿದ್ದು ಬಿಕಾಂ, ಇಂಜಿನಿಯರಿಂಗ್ ಅಲ್ಲ. ಹಾಗಾಗಿ ಇದನ್ನು ಖರ್ಚಿನ ಲೆಕ್ಕದಲ್ಲಿ ನೋಡ್ತೇನೆ. ಹಾಕಿದ ಪ್ರತಿ ರೂಪಾಯಿಗೆ ಎಷ್ಟು ಬಾಸ್ ವಾಪಸ್ ಬರ್ತದೆ? ಆ ಲೆಕ್ಕದಲ್ಲಿ ಮೊದಲನೆಯದು ಖರ್ಚಿಲ್ಲದ ಸೆಟ್ಟಿಂಗ್, ಎರಡನೆಯದು ಬಾಗಿಲಿನ ಡ್ಯಾಂಪಿಂಗ್, ಮೂರನೆಯದು ಸೀಟಿನಡಿಯ ಸಬ್‌ವೂಫರ್. ಸ್ಪೀಕರ್ ಬದಲಾಯಿಸುವುದು ಕೊನೆಗೆ. ಹೆಚ್ಚಿನವರು ಶುರು ಮಾಡುವುದೇ ಆ ಕೊನೆಯದ್ದರಿಂದ. ಇಎಂಐ ಕಟ್ಟುತ್ತಿರುವವರು ಇಲ್ಲಿ ಸ್ವಲ್ಪ ನಿಂತು ಕೇಳಿ.

ಬಾಸ್ ಹೋಗುವುದು ಎಲ್ಲಿಗೆ?

ಅಷ್ಟಮಿ ಸಮಯದಲ್ಲಿ ಉಡುಪಿ ಪೇಟೆಯಲ್ಲಿ ಹುಲಿವೇಷ ಬರುವಾಗ ಗಮನಿಸಿ ನೋಡಿ. ತಂಡ ಎರಡು ಮೂರು ಕಟ್ಟಡಗಳ ಆಚೆ ಇರುವಾಗ ನಮ್ಮ ಕಿವಿಗೆ ಮೊದಲು ತಲುಪುವುದು ಡೋಲಿನ 'ಧುಂ ಧುಂ'. ತಾಸೆಯ ಚುರುಕು ಸದ್ದು ಪೂರ್ತಿ ಬಿಡಿಸಿ ಕೇಳುವುದು ತಂಡ ಎದುರಿಗೆ ಬಂದ ಮೇಲೆ. ಕೆಳಗಿನ ಸ್ವರದ ಅಲೆ ತುಂಬ ಉದ್ದ. 50 ಹರ್ಟ್ಸ್ ಸದ್ದಿನ ಒಂದು ಅಲೆ ಹತ್ತಿರ ಹತ್ತಿರ 7 ಮೀಟರ್, ಅಂದರೆ ನಮ್ಮ ಸಣ್ಣ ಕಾರಿಗಿಂತಲೂ ಉದ್ದ. ಅದು ಗೋಡೆ ದಾಟ್ತದೆ, ಮೂಲೆ ತಿರುಗ್ತದೆ, ಸಣ್ಣ ಸಂದಿ ಸಿಕ್ಕಿದರೂ ಸುತ್ತಿ ಬರ್ತದೆ.

ಸಮಸ್ಯೆ ಇರುವುದು ಇಲ್ಲಿಯೇ. ಸ್ಪೀಕರಿನ ಕೋನ್ ಮುಂದೆ ಬರುವಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದೆ ಕೂಡಿಸು, ಹಿಂದೆ ಕಳೆ. ಇವೆರಡೂ ಒಂದು ಕಡೆ ಸೇರಿದರೆ ಉತ್ತರ ಸೊನ್ನೆಯ ಹತ್ತಿರ. ಮೇಲಿನ ಸ್ವರಗಳಿಗೆ ಇದರಿಂದ ಹೆಚ್ಚು ತೊಂದರೆ ಇಲ್ಲ, ಹೊಡೆತ ಬೀಳುವುದು ಬಾಸ್‌ಗೆ. ನಂಬಿಕೆ ಬರದಿದ್ದರೆ ಹಳೆಯ ಸ್ಪೀಕರ್ ಒಂದನ್ನು ಮೇಜಿನ ಮೇಲೆ ಬರೀ ಇಟ್ಟು ಹಾಡು ಹಾಕಿ. ಟ್ರಾನ್ಸಿಸ್ಟರ್ ರೇಡಿಯೋದಂಥ ತೆಳು ಸದ್ದು ಬರ್ತದೆ. ಅದೇ ಸ್ಪೀಕರನ್ನು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಅದರಲ್ಲಿ ಕೂರಿಸಿ. ಸ್ಪೀಕರ್ ಅದೇ, ವ್ಯಾಟ್ ಅಷ್ಟೇ, ಆದರೆ ಬಾಸ್ ಬರ್ತದೆ.

ಕಾರಿನಲ್ಲಿ ಆ ಪೆಟ್ಟಿಗೆ ಎಂದರೆ ಬಾಗಿಲು. ಅದರ ಹೊರ ತಗಡಿನ ದಪ್ಪ 1 ಮಿಲಿಮೀಟರಿಗಿಂತ ಕಡಿಮೆ. ಒಳ ತಗಡಿನಲ್ಲಿ ಗ್ಲಾಸ್ ಏರಿಸುವ ಮೋಟರ್ ಕೂರಿಸಲಿಕ್ಕೆ ದೊಡ್ಡ ದೊಡ್ಡ ತೂತು. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಮುಚ್ಚಿರುವುದು ತೆಳು ಪ್ಲಾಸ್ಟಿಕ್ ಹಾಳೆ. ಕಾರ್ಕಳದ ಕಲ್ಲಿನ ಮೇಲೆ ಬೆರಳಿನಿಂದ ತಟ್ಟಿ, ನಿಮ್ಮ ಕಾರಿನ ಬಾಗಿಲಿಗೂ ತಟ್ಟಿ. ಒಂದು ಅಲುಗುವುದಿಲ್ಲ, ಇನ್ನೊಂದು ಡಬ್ಬದ ಹಾಗೆ ಬಡಿದುಕೊಳ್ತದೆ. ಆ ಬಡಿದುಕೊಳ್ಳುವ ತಗಡು ಬಾಸ್‌ನ ಶಕ್ತಿಯನ್ನು ತಿಂದು ಗರಗರ ಸದ್ದು ವಾಪಸ್ ಕೊಡ್ತದೆ.

ಇದರ ಜೊತೆ ರಸ್ತೆಯ ಸದ್ದು ಬೇರೆ. ಟಯರಿನ ಮೊರೆತವೂ ಹೆಚ್ಚಾಗಿ ಕೆಳಗಿನ ಸ್ವರದ್ದೇ. ಕಾಪು ಬೀಚಿನಲ್ಲಿ ಕಾರು ನಿಲ್ಲಿಸಿ ಕೇಳಿದಾಗ ಇದ್ದ ಬಾಸ್, ಹೆದ್ದಾರಿ 66 ಹತ್ತಿ ವೇಗ 80 ದಾಟುವಾಗ ಕಾಣೆಯಾಗುವುದು ಇದರಿಂದ. ಕೂಡಲೇ ಕೈ ವಾಲ್ಯೂಮಿಗೆ ಹೋಗ್ತದೆ.

ಖರ್ಚಿಲ್ಲದ ಕೆಲಸ

ಮೊದಲು ಫೋನಿನ ಹಾಡಿನ ಆ್ಯಪ್‌ನಲ್ಲಿ ಡೇಟಾ ಸೇವರ್ ಆಫ್ ಮಾಡಿ, ಕ್ವಾಲಿಟಿ ಹೈಗೆ ಇಡಿ. ಬ್ಲೂಟೂತ್ ಕನೆಕ್ಟ್ ಆದ ಮೇಲೆ ಫೋನಿನ ವಾಲ್ಯೂಮ್ ಹೆಚ್ಚುಕಡಿಮೆ ಪೂರ್ತಿ ಇಟ್ಟು, ಜೋರು ಮೆಲ್ಲ ಮಾಡುವುದನ್ನು ಕಾರಿನ ಸೆಟ್‌ನಲ್ಲೇ ಮಾಡಿ. ಈಕ್ವಲೈಸರ್ ಒಂದೇ ಕಡೆ ಇರಲಿ. ಫೋನಿನಲ್ಲೂ ಬಾಸ್ ಬೂಸ್ಟ್, ಕಾರಿನಲ್ಲೂ ಬಾಸ್ ಬೂಸ್ಟ್ ಹಾಕಿದರೆ ಸದ್ದು ಒಡೆಯುವುದು ಗ್ಯಾರಂಟಿ.

ಎರಡನೆಯದು, ನಿಮ್ಮ ಸೆಟ್‌ನಲ್ಲಿ 'ಲೌಡ್‌ನೆಸ್' ಅಂತ ಆಯ್ಕೆ ಉಂಟಾ ನೋಡಿ. ವಾಲ್ಯೂಮ್ ಕಡಿಮೆ ಇರುವಾಗ ಮನುಷ್ಯನ ಕಿವಿಗೆ ಬಾಸ್ ಸರಿಯಾಗಿ ಕೇಳುವುದಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳತೆ ಮಾಡಿ ಪ್ರಕಟಿಸಿದರು. ಲೌಡ್‌ನೆಸ್ ಬಟನ್ ಆ ಕೊರತೆಯನ್ನು ತುಂಬಲಿಕ್ಕೆ ಇರುವುದು. ಮೆಲ್ಲ ಕೇಳುವಾಗ ಆನ್, ಜೋರು ಇಟ್ಟಾಗ ಆಫ್.

ಮೂರನೆಯದು ಬ್ಯಾಲೆನ್ಸ್ ಪರೀಕ್ಷೆ. ಕಾರಿನಲ್ಲಿ ಹಿಂದೆ ಯಾರಾದರೂ ಸ್ಪೀಕರ್ ಕೆಲಸ ಮಾಡಿದ್ದರೆ ಇದು ಬಿಡಲೇಬಾರದು. ಬಾಸ್ ಇರುವ ಹಾಡು ಹಾಕಿ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತನ್ನಿ, ಮತ್ತೆ ನಡುವಿಗೆ ತನ್ನಿ. ಎರಡೂ ಕಡೆ ಬರುವಾಗ ಇರುವುದಕ್ಕಿಂತ ಒಂದೇ ಕಡೆ ಬರುವಾಗ ಬಾಸ್ ಹೆಚ್ಚು ಅನಿಸಿದರೆ, ಒಂದು ಬಾಗಿಲಿನ ಪ್ಲಸ್ ಮೈನಸ್ ವಯರ್ ಅದಲು ಬದಲಾಗಿರುವ ಸಾಧ್ಯತೆ ಹೆಚ್ಚು. ಒಂದು ಸ್ಪೀಕರ್ ಒತ್ತುವಾಗ ಇನ್ನೊಂದು ಎಳೀತಾ ಉಂಟು ಅಂತ ಅರ್ಥ. ವಯರ್ ಸರಿ ಮಾಡಿದರೆ ಮುಗೀತು.

ನಾಲ್ಕನೆಯದು, ಬಾಗಿಲಿನ ಪಾಕೆಟಿನಲ್ಲಿರುವ ಚಿಲ್ಲರೆ, ನೀರಿನ ಬಾಟಲಿ ಎಲ್ಲ ತೆಗೆಯಿರಿ. ನಂಬರ್ ಪ್ಲೇಟಿನ ಹಿಂದೆ ಫೋಮ್ ಟೇಪ್ ಅಂಟಿಸಿ. ಮತ್ತೆ ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಕಾರು ನಿಲ್ಲಿಸಿ, ವಾಲ್ಯೂಮ್ ಸಾಧಾರಣ ಇಟ್ಟು 50ರಿಂದ 100 ಹರ್ಟ್ಸ್ ತನಕ ನಿಧಾನ ಏರಿಸಿ. ಗರಗರ ಬಂದಲ್ಲಿ ಬಾಗಿಲಿನ ಪ್ಯಾಡನ್ನು ಕೈಯಲ್ಲಿ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಅದರ ಜಾಗ ಸಿಕ್ಕಿತು.

ವ್ಯಾಟ್‌ನ ಲೆಕ್ಕ

ಬಾಸನ್ನು +10ಕ್ಕೆ ಯಾಕೆ ಏರಿಸಬಾರದು? ಇಲ್ಲಿ ಸ್ವಲ್ಪ ಬ್ಯಾಲೆನ್ಸ್ ಶೀಟ್ ನೋಡುವ.

ಇಂಜಿನ್ ಆನ್ ಇರುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸೆಟ್‌ನ ಒಳಗೆ ಇರುವುದು ಸಾಮಾನ್ಯವಾಗಿ ಸಣ್ಣ ಆಂಪ್ಲಿಫಯರ್ ಚಿಪ್. ಅದು 4 ಓಮ್ ಸ್ಪೀಕರಿಗೆ ಸ್ವಚ್ಛವಾಗಿ ಕೊಡಬಹುದಾದದ್ದು ಪುಸ್ತಕದ ಲೆಕ್ಕದಲ್ಲೇ ಗರಿಷ್ಠ 26 ವ್ಯಾಟ್. ಚಿಪ್ಪಿನ ನಷ್ಟ ಕಳೆದರೆ ಉಳಿಯುವುದು 20ರ ಆಸುಪಾಸು. ಹಾಗಾದರೆ ಪೆಟ್ಟಿಗೆ ಮೇಲೆ '50 ವ್ಯಾಟ್ × 4' ಅಂತ ಬರೆದಿರುವುದು ಎಂತ? ಅದು ಕ್ಷಣಮಾತ್ರದ ಪೀಕ್ ಅಂಕಿ. ನಿಜವಾದ ಆದಾಯ ಆರ್‌ಎಂಎಸ್ ಅನ್ನುವ ಅಂಕಿಯಲ್ಲಿ ಇರ್ತದೆ. ಯಾವ ಅಂಗಡಿಯಲ್ಲೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಆರ್‌ಎಂಎಸ್ ಎಷ್ಟು?"

ಈಗ ಬಾಸ್ 3 ಡೆಸಿಬೆಲ್ ಏರಿಸಿದರೆ ಎರಡು ಪಟ್ಟು ವ್ಯಾಟ್ ಬೇಕು. 6 ಡೆಸಿಬೆಲ್‌ಗೆ ನಾಲ್ಕು ಪಟ್ಟು, 10 ಡೆಸಿಬೆಲ್‌ಗೆ ಹತ್ತು ಪಟ್ಟು. ಬಾಸ್‌ಗೆ ಈಗ 5 ವ್ಯಾಟ್ ಖರ್ಚಾಗ್ತಾ ಉಂಟು ಅಂತಿಟ್ಟುಕೊಳ್ಳಿ. 6 ಡೆಸಿಬೆಲ್ ಏರಿಸಿದರೆ 20 ವ್ಯಾಟ್, ಅಲ್ಲಿಗೆ ಖಜಾನೆ ಖಾಲಿ. ಅದರ ಮೇಲೆ ಕೇಳಿದರೆ ಆಂಪ್ಲಿಫಯರ್ ಅಲೆಯ ತಲೆಯನ್ನೇ ಕತ್ತರಿಸ್ತದೆ, ಸದ್ದು ಪಟಪಟ ಒಡೆಯುತ್ತದೆ. ಹಾಗಾಗಿ ಬಾಸ್ +2 ಅಥವಾ +3 ಸಾಕು.

ಬಾಗಿಲು: ನಮ್ಮ ಊರಿಗೆ ಬೇರೆ ಎಚ್ಚರಿಕೆ

ಬಾಗಿಲಿನ ಡ್ಯಾಂಪಿಂಗ್ ಅಂದರೆ ಒಂದು ಬದಿ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಬದಿ ಬ್ಯುಟೈಲ್ ರಬ್ಬರ್ ಇರುವ ಶೀಟನ್ನು ತಗಡಿಗೆ ಅಂಟಿಸುವುದು. ಹೊರ ತಗಡಿಗೆ ಪೂರ್ತಿ ಹೊದಿಸುವ ಅಗತ್ಯ ಇಲ್ಲ. ಸ್ಪೀಕರಿನ ಹಿಂದೆ ಮತ್ತು ತಟ್ಟಿದಾಗ ಹೆಚ್ಚು ಬಡಿದುಕೊಳ್ಳುವ ಜಾಗದಲ್ಲಿ ಅಂಟಿಸಿದರೂ ತುಂಬ ವ್ಯತ್ಯಾಸ ಬರ್ತದೆ. ಒಳ ತಗಡಿನ ತೂತುಗಳನ್ನು ಮಾತ್ರ ಗಟ್ಟಿಯಾಗಿ ಮುಚ್ಚಬೇಕು. ಹಿಂದಿನ ಗಾಳಿ ಮುಂದಿನ ಗಾಳಿಯನ್ನು ಸೇರದ ಹಾಗೆ ತಡೆಯುವುದು ಅದು. ಬಜೆಟ್ ಕಡಿಮೆ ಇದ್ದರೆ ಮುಂದಿನ ಎರಡು ಬಾಗಿಲು ಸಾಕು.

ಆದರೆ ನಮ್ಮದು ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಗ್ಲಾಸಿನ ಸಂದಿಯಿಂದ ಮಳೆನೀರು ಬಾಗಿಲಿನ ಒಳಗೆ ಇಳಿಯುವುದು ಸಹಜ. ಅದು ಕೆಳಗಿನ ಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗ್ತದೆ. ಕೆಲಸ ಮಾಡುವವರು ಆ ತೂತುಗಳ ಮೇಲೂ ಶೀಟ್ ಅಂಟಿಸಿಬಿಟ್ಟರೆ ಜೂನ್‌ನಲ್ಲಿ ಬಾಗಿಲೇ ನೀರಿನ ತೊಟ್ಟಿ. ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ಹಾಗೇ ಬಿಟ್ಟರೆ ನೀರು ಪ್ಯಾಡಿಗೆ, ಅಲ್ಲಿಂದ ಕಾಲಡಿಯ ಕಾರ್ಪೆಟಿಗೆ. ಕಾಪು, ಮಲ್ಪೆ ಕಡೆಯ ಉಪ್ಪು ಗಾಳಿ ಸೇರಿದರೆ ತುಕ್ಕು ಹಿಡಿಯಲಿಕ್ಕೆ ಹೆಚ್ಚು ಸಮಯ ಬೇಡ. ಕೆಲಸ ಮುಗಿದ ಮೇಲೆ ಅಲ್ಲೇ ನಿಂತು ಒಂದು ಚೊಂಬು ನೀರನ್ನು ಗ್ಲಾಸಿನ ಮೇಲೆ ಹೊಯ್ಯಲಿಕ್ಕೆ ಹೇಳಿ. ಬಾಗಿಲಿನ ಕೆಳಗಿನಿಂದ ನೀರು ತೊಟ್ಟಿಕ್ಕಿದರೆ ಮಾತ್ರ ದುಡ್ಡು ಕೊಡಿ.

ಇನ್ನೊಂದು, ಬ್ಯುಟೈಲ್ ಬದಲು ಡಾಂಬರು ಶೀಟ್ ಅಗ್ಗಕ್ಕೆ ಸಿಗ್ತದೆ. ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ವಾಸನೆ ಬರ್ತದೆ, ಕಳಚಿಯೂ ಬೀಳಬಹುದು. ಉಳಿತಾಯ ಅಲ್ಲ ಅದು.

ಆಮೇಲೆ ಸಬ್‌ವೂಫರ್

ಬಾಗಿಲು ಗಟ್ಟಿಯಾದ ಮೇಲೂ ಡೋಲಿನ ತೂಕ ಬೇಕು ಅನಿಸಿದರೆ ಸೀಟಿನಡಿಯ ಆ್ಯಕ್ಟಿವ್ ಸಬ್‌ವೂಫರ್. ಆಂಪ್ಲಿಫಯರ್ ಅದರೊಳಗೇ ಇರ್ತದೆ, ಡಿಕ್ಕಿಯ ಜಾಗ ಹೋಗುವುದಿಲ್ಲ. ಸ್ಪೀಕರ್ ವಯರಿನಿಂದಲೇ ಸಿಗ್ನಲ್ ತಗೊಳ್ಳುವ ಹೈ ಲೆವೆಲ್ ಇನ್‌ಪುಟ್ ಇರುವುದನ್ನು ಆರಿಸಿ. ಕಂಪೆನಿ ಸೆಟ್ ಬದಲಾಯಿಸಬೇಕಾಗಿಲ್ಲ. ಕಾರಿನ ಒಳಗಿನ ಮುಚ್ಚಿದ ಸಣ್ಣ ಜಾಗ ಕೆಳಗಿನ ಸ್ವರಗಳನ್ನು ತಾನೇ ಎತ್ತಿ ಕೊಡ್ತದೆ, ಮನೆಯ ಹಾಲ್‌ನಲ್ಲಿ ಆ ಲಾಭ ಅಷ್ಟು ಸಿಗುವುದಿಲ್ಲ.

ಹಾಗಂತ ಪವಾಡ ನಿರೀಕ್ಷೆ ಮಾಡಬೇಡಿ. ಕೆಎಲ್‌ಎಚ್ ಎಂಬ ಅಮೆರಿಕನ್ ಸ್ಪೀಕರ್ ಕಂಪೆನಿಯ ಹೆಸರಿನ 'ಎಚ್' ಆದ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮ ಉಂಟು. ಆಳದ ಬಾಸ್, ಸಣ್ಣ ಪೆಟ್ಟಿಗೆ, ಕಡಿಮೆ ವ್ಯಾಟ್‌ನಲ್ಲಿ ಜೋರು ಸದ್ದು: ಈ ಮೂರರಲ್ಲಿ ಎರಡು ಮಾತ್ರ ಸಿಗ್ತದೆ. ಸೀಟಿನಡಿಯದ್ದು ಸಣ್ಣ ಪೆಟ್ಟಿಗೆ, ಹಾಗಾಗಿ ಅದಕ್ಕೆ ವ್ಯಾಟ್ ಬೇಕು, ತುಂಬ ಆಳಕ್ಕೂ ಇಳಿಯುವುದಿಲ್ಲ. ಫಿಲ್ಟರನ್ನು 80 ಹರ್ಟ್ಸ್ ಹತ್ತಿರ ಇಡಿ. ನಿಮ್ಮ ಸೆಟ್‌ನಲ್ಲಿ ಹೈಪಾಸ್ ಆಯ್ಕೆ ಇದ್ದರೆ ಬಾಗಿಲಿನ ಸ್ಪೀಕರಿಗೂ 80ರ ಕೆಳಗಿನದ್ದನ್ನು ಕಟ್ ಮಾಡಿ, ಅವುಗಳ ಭಾರ ಇಳಿಯುತ್ತದೆ.

ವಯರಿಂಗ್‌ನಲ್ಲಿ ಮಾತ್ರ ಜುಗ್ಗತನ ಬೇಡ. ಪವರ್ ವಯರ್ ನೇರ ಬ್ಯಾಟರಿಯಿಂದ ಬರಬೇಕು. ಬ್ಯಾಟರಿಯ ತೀರಾ ಹತ್ತಿರ, ಒಂದು ಮೊಳದ ಒಳಗೆ ಫ್ಯೂಸ್ ಇರಬೇಕು. ಎಲ್ಲೋ ವಯರ್ ಸುಲಿದು ಬಾಡಿಗೆ ತಾಗಿದರೆ ಬೆಂಕಿ ಹಿಡಿಯುವ ಮೊದಲು ಉರಿದುಹೋಗುವುದು ಆ ಫ್ಯೂಸ್. ತಗಡಿನ ತೂತು ದಾಟುವಲ್ಲಿ ರಬ್ಬರ್ ಗ್ರೊಮೆಟ್ ಹಾಕಿಸಿ. ಕಂಪೆನಿಯ ವಯರ್ ಕತ್ತರಿಸದೆ ಕಪ್ಲರ್‌ನಲ್ಲೇ ಜೋಡಿಸಲಿಕ್ಕೆ ಹೇಳಿ. ವಯರ್ ಕತ್ತರಿಸಿದ್ದು ಕಂಡರೆ ವಾರಂಟಿ ಕೇಳುವಾಗ ತಕರಾರು ಬರಬಹುದು.

ಸ್ಪೀಕರ್ ಕೊನೆಗೆ ಯಾಕೆ? ದುಬಾರಿ ಸ್ಪೀಕರ್‌ಗಳಲ್ಲಿ ಕೆಲವು ಭಾರದ ಕೋನ್‌ನವು, ದೊಡ್ಡ ಆಂಪ್ಲಿಫಯರಿಗೆ ಅಂತ ಮಾಡಿದ್ದು. ಸೆನ್ಸಿಟಿವಿಟಿ ಅಂಕಿ 3 ಡೆಸಿಬೆಲ್ ಕಡಿಮೆ ಇದ್ದರೆ ನಿಮ್ಮ 20 ವ್ಯಾಟ್ 10 ವ್ಯಾಟಿನಷ್ಟೇ ಕೆಲಸ ಮಾಡ್ತದೆ. ಹೊಸ ಸ್ಪೀಕರಿಗೆ ದುಡ್ಡು ಕೊಟ್ಟು ಬಾಸ್ ಇನ್ನೂ ಕಡಿಮೆಯಾದದ್ದು ಹೀಗೆ. ಕೋನ್ ಹರಿದಿದ್ದರೆ ಬದಲಾಯಿಸಿ, ಅದು ಬೇರೆ ಮಾತು.

ಇಷ್ಟೆಲ್ಲ ಎಂತಕ್ಕೆ?

ಬಾಸ್ ಸರಿ ಇದ್ದರೆ ವಾಲ್ಯೂಮ್ ಕಡಿಮೆ ಸಾಕು. ನನ್ನ ಮಟ್ಟಿಗೆ ಈ ಇಡೀ ಖರ್ಚಿಗೆ ಸಿಗುವ ದೊಡ್ಡ ಲಾಭ ಅದೇ. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್. ದಿನಾ ಕಾರ್ಕಳದಿಂದ ಮಣಿಪಾಲಕ್ಕೆ ಓಡಾಡುವವರು ಕಾರಿನ ಜೊತೆ ಇಯರ್‌ಫೋನಿನ ಗಂಟೆಗಳನ್ನೂ ಸೇರಿಸಿ ಲೆಕ್ಕ ಹಾಕಿ.

ಮತ್ತೆ ಈ ರಸ್ತೆಗಳಲ್ಲಿ ನಾವು ಒಬ್ಬರೇ ಇಲ್ಲ. ಸುತ್ತಮುತ್ತಲಿನ ಊರುಗಳಿಂದ ಕಸ್ತೂರ್ಬಾ ಆಸ್ಪತ್ರೆಗೆ ಆಂಬುಲೆನ್ಸ್‌ಗಳು ಹಗಲು ರಾತ್ರಿ ಬರ್ತವೆ. ಗ್ಲಾಸ್ ಏರಿಸಿ, ಎ.ಸಿ. ಹಾಕಿ, ವಾಲ್ಯೂಮ್ ಪೂರ್ತಿ ಇಟ್ಟವರಿಗೆ ಹಿಂದಿನ ಸೈರನ್ ಕೇಳುವುದು ತಡವಾಗ್ತದೆ. ಒಳಗೆ ರೋಗಿ ಇದ್ದಾಗ ಆ ತಡಕ್ಕೆ ಬೆಲೆ ಉಂಟು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಆಸ್ಪತ್ರೆ, ಶಾಲೆ ಕಾಲೇಜುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಅಲ್ಲಿನ ಮಿತಿ ಹಗಲು 50, ರಾತ್ರಿ 40 ಡೆಸಿಬೆಲ್. ಡೋಲಿನ ಕಥೆ ನೆನಪಿರಲಿ: ನಿಮ್ಮ ಕಾರಿನಿಂದಲೂ ಗೋಡೆ ದಾಟಿ ಹೋಗುವುದು ಬಾಸ್ ಮಾತ್ರ. ವಾರ್ಡಿನಲ್ಲಿ ಮಲಗಿದವರಿಗೆ ನಿಮ್ಮ ಹಾಡು ಕೇಳುವುದಿಲ್ಲ, 'ಧುಂ' ಕೇಳ್ತದೆ.

ಈ ಆದಿತ್ಯವಾರ ಅರ್ಧ ಗಂಟೆ ಬಿಡುವು ಮಾಡಿ ಖರ್ಚಿಲ್ಲದ ನಾಲ್ಕು ಕೆಲಸ ಮುಗಿಸಿ. ಯಾವ ಕಾರು, ಬ್ಯಾಲೆನ್ಸ್ ಪರೀಕ್ಷೆಯಲ್ಲಿ ಎಂತ ಗೊತ್ತಾಯ್ತು, ಗರಗರ ಎಷ್ಟು ಹರ್ಟ್ಸ್‌ನಲ್ಲಿ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳನ್ನು ಒಂದೊಂದಾಗಿ ತಗೊಳ್ಳುವ. ಅಲ್ಲಿಯ ತನಕ ಸ್ಪೀಕರಿಗೆ ಅಡ್ವಾನ್ಸ್ ಕೊಡಬೇಡಿ. ಸಿಗುವ, ನಮಸ್ಕಾರ.