ಕತ್ತಿಯಾಟದ ಲೆಕ್ಕ ಕೇಳಿ

ಹೈಸ್ಕೂಲಿನ ಮಗ ಕಂಪ್ಯೂಟರಿನಲ್ಲಿ ಕುದುರೆಯೇರಿ ಕತ್ತಿ ಬೀಸುತ್ತಿದ್ದರೆ ಗದರುವ ಮುನ್ನ ಪಕ್ಕದಲ್ಲಿ ಕುಳಿತು ನೋಡಿ. (ರಕ್ತ ಕಾಣುತ್ತದೆ, ಚಿಕ್ಕವರಿಗೆ ಬೇಡ.) ಟರ್ಕಿಯ ಟೇಲ್‌ವರ್ಲ್ಡ್ಸ್ ಕಂಪನಿ 2010ರಲ್ಲಿ ತಂದ ‘ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್’ ಆಟದಲ್ಲಿ ಇಂಥದ್ದೇ ಮಾಡೆಂಬ ಕಟ್ಟಳೆಯಿಲ್ಲ, ವ್ಯಾಪಾರಿಯಾಗಬಹುದು, ದೊರೆಯೂ ಆಗಬಹುದು. ಹೊಸಬರು ನೇರವಾಗಿ ದೊಡ್ಡ ಸೇನೆಯ ಮೇಲೆ ಬಿದ್ದು ಸೆರೆಯಾಗುತ್ತಾರೆ. ಮೊದಲು ಹಳ್ಳಿಗಳಲ್ಲಿ ಆಳು ಸೇರಿಸಿ, ಸಣ್ಣಪುಟ್ಟ ದರೋಡೆಕೋರರೊಡನೆ ಕಾದಾಡಿ ಪಳಗಬೇಕು. ವಾರವಾರ ಸಂಬಳ, ಜೊತೆಗೆ ಊಟ. ಇವು ತಪ್ಪಿದರೆ ಆಳುಗಳು ಬಿಟ್ಟು ಹೋಗುತ್ತಾರೆ.

ಆಟದಲ್ಲಿ ಕನ್ನಡವಿಲ್ಲ. ಆದ್ದರಿಂದ ನೀವೇ ಕೇಳಿ: ಈ ವಾರ ಎಷ್ಟು ಆಳು, ಎಷ್ಟು ಖರ್ಚು, ಏಕೆ ಸೋತೆ? ಕನ್ನಡದಲ್ಲೇ ಹೇಳಲಿ. ತಡವರಿಸಿದರೆ ಪದ ನೀವು ಕೊಡಿ: ದಂಡು, ಲಗಾಮು, ಗುರಾಣಿ, ಈಟಿ, ಮುತ್ತಿಗೆ.