ರಸ್ತೆಗೂ ಒಂದು ದರ: ಸಿಂಗಪುರದ ಇಆರ್‌ಪಿ ಮತ್ತು ಹೂಡಿಕೆದಾರರ ಲೆಕ್ಕ

ಸಿಂಗಪುರದ ಇಆರ್‌ಪಿಯನ್ನು ಅನೇಕರು ಟೋಲ್ ಎಂದೇ ಭಾವಿಸುತ್ತಾರೆ. ಆದರೆ ಟೋಲ್ ವಸೂಲಿ ಮಾಡುವುದು ರಸ್ತೆ ಕಟ್ಟಿದ ಖರ್ಚನ್ನು. ಇಆರ್‌ಪಿ ವಸೂಲಿ ಮಾಡುವುದು ನಮ್ಮ ಕಾರಿನಿಂದ ಹಿಂದಿನವರಿಗಾಗುವ ತಡದ ಬೆಲೆಯನ್ನು.

1975ರಲ್ಲಿ ಕಾಗದದ ಪರವಾನಗಿಯಿಂದ ಶುರುವಾದ ಪದ್ಧತಿ 1998ರಲ್ಲಿ ಎಲೆಕ್ಟ್ರಾನಿಕ್ ಆಯಿತು. ಎಕ್ಸ್‌ಪ್ರೆಸ್‌ವೇಗಳಲ್ಲಿ ಗಂಟೆಗೆ 45ರಿಂದ 65 ಕಿ.ಮೀ., ನಗರದ ಮುಖ್ಯ ರಸ್ತೆಗಳಲ್ಲಿ 20ರಿಂದ 30 ಕಿ.ಮೀ. ವೇಗ ಉಳಿಸುವುದು ಗುರಿ. ವೇಗ ಕುಸಿದರೆ ದರ ಏರುತ್ತದೆ, ಸುಧಾರಿಸಿದರೆ ಇಳಿಯುತ್ತದೆ. 2020ರಲ್ಲಿ ಕೋವಿಡ್‌ನಿಂದ ರಸ್ತೆ ಖಾಲಿಯಾದಾಗ ಶುಲ್ಕವನ್ನೇ ನಿಲ್ಲಿಸಿದ್ದರು.

ಭಾರತದಲ್ಲಿ 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಟೋಲ್ ಗೇಟಿನ ಸಾಲು ಕರಗಿತು, ನಿಜ. ಆದರೆ ಹೆದ್ದಾರಿಯಲ್ಲಿ ನಸುಕಿನ 3ಕ್ಕೂ ಬೆಳಿಗ್ಗೆ 9ಕ್ಕೂ ದರ ಒಂದೇ. ಅದು ಹಣ ಕಟ್ಟುವುದನ್ನು ಸುಲಭ ಮಾಡಿತೇ ಹೊರತು, ಹೊರಡುವ ಸಮಯವನ್ನು ಬದಲಿಸಲಿಲ್ಲ.

ಹಾಗಾಗಿ ಊರಿನ 'ಸ್ಮಾರ್ಟ್ ಟ್ರಾಫಿಕ್' ಷೇರು ಕೊಳ್ಳುವ ಮುನ್ನ ಒಂದು ಮಾತು. ಈ ಕಂಪನಿಗಳ ದೊಡ್ಡ ಗ್ರಾಹಕ ಸರ್ಕಾರ. ಆರ್ಡರ್ ಬುಕ್ ನೋಡಿ ಮರುಳಾಗಬೇಡಿ. ಬಾಕಿ ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ, ಕ್ಯಾಮೆರಾ ಹಾಕಿದ ಮೇಲೆ ನಿರ್ವಹಣೆಯ ಗುತ್ತಿಗೆ ಎಷ್ಟು ವರ್ಷ ಇದೆ ಎಂಬುದನ್ನು ನೋಡಿ. ಲಾಭ ಉಳಿಯುವುದು ಅಲ್ಲೇ.