ಮೂರನೇ ಆವೃತ್ತಿಯ ಏಳನೇ ಪ್ಯಾಚ್

2003ರ ನವೆಂಬರಿನಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಂದು ಪ್ರತಿಯೊಳಗೆ ಯಾರೋ ಎರಡು ಸಾಲು ಸೇರಿಸಿದರು. ನೋಡುವುದಕ್ಕೆ ಅವು ನಿರುಪದ್ರವಿ ಪರೀಕ್ಷೆಯ ಸಾಲುಗಳು: ಇಂಥಿಂಥ ಆಯ್ಕೆಗಳು ಒಟ್ಟಿಗೆ ಬಂದು, ಬಳಕೆದಾರನ ಸಂಖ್ಯೆ ಸೊನ್ನೆಯಾಗಿದ್ದರೆ ದೋಷವೆಂದು ತಿಳಿಸು. ಆದರೆ ಸಿ ಭಾಷೆಯಲ್ಲಿ ‘ಸಮವಾಗಿದೆಯೇ’ ಎಂದು ಕೇಳಲು ಎರಡು ಸಮಚಿಹ್ನೆ ಬೇಕು. ಒಂದನ್ನೇ ಹಾಕಿದರೆ ‘ಸಮ ಮಾಡು’ ಎಂಬ ಆಜ್ಞೆಯಾಗುತ್ತದೆ. ಅಲ್ಲಿದ್ದದ್ದು ಒಂದೇ ಚಿಹ್ನೆ. ಯುನಿಕ್ಸ್ ಕುಲದ ವ್ಯವಸ್ಥೆಗಳಲ್ಲಿ ಸೊನ್ನೆ ಎಂದರೆ ರೂಟ್, ಸರ್ವಾಧಿಕಾರಿ. ಆ ಆಯ್ಕೆಗಳ ಜೋಡಿ ಗೊತ್ತಿದ್ದ ಯಾವ ಸಾಮಾನ್ಯ ಬಳಕೆದಾರನೂ ಇಡೀ ಯಂತ್ರದ ಯಜಮಾನನಾಗಬಹುದಿತ್ತು.

ಕುತಂತ್ರ ಸಿಕ್ಕಿಬಿದ್ದದ್ದು ಆ ಒಂಟಿ ಚಿಹ್ನೆ ಯಾರದೋ ಕಣ್ಣಿಗೆ ಬಿದ್ದು ಅಲ್ಲ. ಆಗ ಕರ್ನಲ್‌ನ ಮೂಲಪ್ರತಿ, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಬಿಟ್‌ಕೀಪರ್ ಎಂಬ ವ್ಯವಸ್ಥೆಯಲ್ಲಿತ್ತು. ಅದನ್ನು ಬಳಸಲು ಒಲ್ಲದವರಿಗಾಗಿ ಸಿವಿಎಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಒಂದು ನಕಲು ಇಟ್ಟಿದ್ದರು. ಎರಡನ್ನೂ ತಾಳೆ ನೋಡಿದಾಗ, ಮೂಲದಲ್ಲಿ ಇಲ್ಲದ ಬದಲಾವಣೆಯೊಂದು ನಕಲಿನಲ್ಲಿ ಕಂಡಿತು. ಅದನ್ನು ಕಳಿಸಿದವರು ಯಾರು, ಒಪ್ಪಿದವರು ಯಾರು, ಯಾವುದರ ಮೇಲೆ ಅದು ಕೂತಿದೆ ಎಂಬುದಕ್ಕೆ ದಾಖಲೆಯೇ ಇರಲಿಲ್ಲ. ಮೂಲದೊಳಗೆ ಸೇರುವ ಮೊದಲೇ ಅದನ್ನು ಕಿತ್ತುಹಾಕಿದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಬಿಟ್‌ಕೀಪರ್‌ನ ಉಚಿತ ಪರವಾನಗಿ ರದ್ದಾಯಿತು. ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್ 3ರಂದು ತಮ್ಮದೇ ವ್ಯವಸ್ಥೆ ಕಟ್ಟಲು ಕೂತರು. ಏಪ್ರಿಲ್ 7ಕ್ಕೆ ಗಿಟ್ ಎಂಬ ಆ ವ್ಯವಸ್ಥೆ ತನ್ನ ಕೋಡ್‌ನ ಇತಿಹಾಸವನ್ನು ತಾನೇ ಇಟ್ಟುಕೊಳ್ಳುವಷ್ಟು ಬೆಳೆದಿತ್ತು. ಗಿಟ್‌ನಲ್ಲಿ ಕೇಂದ್ರ ಕಚೇರಿ ಎಂಬುದಿಲ್ಲ. ಬೆಂಗಳೂರಿನ ಲ್ಯಾಪ್‌ಟಾಪಿನಲ್ಲೂ ಪೋರ್ಟ್‌ಲ್ಯಾಂಡಿನ ಸರ್ವರಿನಲ್ಲೂ ಪೂರ್ತಿ ಇತಿಹಾಸವೇ ಇರುತ್ತದೆ. ಪ್ರತಿ ಬದಲಾವಣೆಗೂ, ಅಂದರೆ ಕಮಿಟ್‌ಗೂ, 40 ಅಂಕಾಕ್ಷರಗಳ ಒಂದು ಗುರುತು. ಕಡತಗಳ ಸ್ಥಿತಿ, ಬರೆದವರ ಹೆಸರು, ಹೊತ್ತು, ವಿವರಣೆ, ಹಿಂದಿನ ಕಮಿಟ್‌ನ ಗುರುತು ಇವೆಲ್ಲವನ್ನೂ ಅರೆದು ತೆಗೆದ ಹ್ಯಾಶ್ ಅದು. ಹಳೆಯ ಕಮಿಟ್‌ನಲ್ಲಿ ಒಂದು ಅಕ್ಷರ ತಿದ್ದಿದರೂ ಅದರ ಗುರುತು ಬದಲಾಗುತ್ತದೆ, ಅದರ ಮೇಲೆ ಕೂತ ಎಲ್ಲವುಗಳ ಗುರುತೂ ಬದಲಾಗುತ್ತದೆ. ಬರೆದವರು ಮತ್ತು ಸೇರಿಸಿದವರು ಎಂದು ಗಿಟ್ ಎರಡು ಹೆಸರು ಬೇರೆಬೇರೆ ಇಟ್ಟುಕೊಳ್ಳುವುದನ್ನೂ ಗಮನಿಸಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಳಗೆ ಬಿಡುತ್ತಾರೆ ಎಂಬ ಊಹೆ ಅದರ ಹುಟ್ಟಿನಲ್ಲೇ ಇದೆ.

ಆ ಓದುವಿಕೆಯೇ ಕೋಡ್ ರಿವ್ಯೂ. ಒಂದು ಸಣ್ಣ ಬದಲಾವಣೆಯನ್ನು ಓದುವುದು ಸುಲಭ. ನಿಜವಾದ ಕೆಲಸಗಳು ಅಷ್ಟು ಸಣ್ಣವಾಗಿರುವುದಿಲ್ಲ. ಒಂದು ಫಂಕ್ಷನ್‌ನ ಹೆಸರು 300 ಕಡೆ ಬದಲಾಗಬೇಕು, ಅದರೊಳಗಿನ ಒಂದು ಷರತ್ತು ತಿದ್ದಬೇಕು, ಆಮೇಲೆ ಹೊಸ ಸೌಲಭ್ಯ ಸೇರಿಸಬೇಕು ಎಂದುಕೊಳ್ಳಿ. ಮೂರನ್ನೂ ಒಂದೇ ಕಟ್ಟಿನಲ್ಲಿ ಕಳಿಸಿದರೆ ಒಂದೇ ರೀತಿ ಕಾಣುವ ಮುನ್ನೂರು ಸಾಲುಗಳ ನಡುವೆ ಆ ಷರತ್ತು ಮುಳುಗಿಹೋಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವವರು ಮೊರದ ತುಂಬ ರಾಶಿ ಹಾಕಿಕೊಳ್ಳುವುದಿಲ್ಲ, ತೆಳ್ಳಗೆ ಹರಡಿಕೊಳ್ಳುತ್ತಾರೆ. ಕರ್ನಲ್‌ನವರು ಮಾಡುವುದೂ ಅದನ್ನೇ: ಹೆಸರು ಬದಲಿಸುವುದು ಒಂದು ಪ್ಯಾಚ್ (ಓದಲು ಕಳಿಸುವ ಬದಲಾವಣೆಯ ತುಂಡು), ಷರತ್ತು ತಿದ್ದುವುದು ಇನ್ನೊಂದು, ಸೌಲಭ್ಯ ಮತ್ತೊಂದು. ಮೊದಲನೆಯದನ್ನು ಕಣ್ಣಾಡಿಸಿ ಬಿಡಬಹುದು. ಎರಡನೆಯದು ಒಂದೇ ಸಾಲು, ಅದರ ಮುಂದೆ ಎಷ್ಟು ಹೊತ್ತಾದರೂ ಕೂರಬಹುದು. ಇಂಥ ಸರಣಿಯ ಪ್ಯಾಚ್‌ಗಳಿಗೆ 1/12, 2/12 ಎಂದು ಸಂಖ್ಯೆ ಬೀಳುತ್ತದೆ, ಅವುಗಳ ಮುಂದೆ 0/12 ಎಂಬ ಪೀಠಿಕೆಯ ಪತ್ರ ಹೋಗುತ್ತದೆ. ಕೋಡ್ ಇಲ್ಲದ ಆ ಸೊನ್ನೆಯ ಪತ್ರವನ್ನು ನೋಡಿದರೇ ಎಷ್ಟೋ ಸಲ ಬರೆದವರ ತಲೆ ತಿಳಿಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಯಾರೂ ಕೆಲಸವನ್ನು ಈ ಕ್ರಮದಲ್ಲಿ ಮಾಡಿರುವುದಿಲ್ಲ. ಎಡವುತ್ತ, ಬರೆದದ್ದನ್ನು ಅಳಿಸುತ್ತ ಮಾಡಿರುತ್ತಾರೆ. ಕೊನೆಗೆ ರೀಬೇಸ್ ಎಂಬ ಸಲಕರಣೆಯಿಂದ ತಮ್ಮ ಕಮಿಟ್‌ಗಳನ್ನು ಒಡೆದು, ಕೂಡಿಸಿ, ಹಿಂದುಮುಂದು ಮಾಡಿ ಓದುಗರಿಗೆ ಬೇಕಾದ ಕ್ರಮಕ್ಕೆ ತರುತ್ತಾರೆ. ಇತಿಹಾಸವನ್ನು ಹೀಗೆ ತಿದ್ದುವುದು ಸುಳ್ಳಲ್ಲವೇ ಎಂಬ ತಕರಾರು ಹಳೆಯದು. ನನಗೆ ಅದು ಸುಳ್ಳೆಂದು ಅನ್ನಿಸುವುದಿಲ್ಲ. ರಿವ್ಯೂ ಮಾಡುವವರಿಗೆ ಬರೆದವರ ದಿನಚರಿ ಬೇಡ, ವಾದ ಬೇಕು. ಬಿಟ್ಟುಬಂದ ದಾರಿಗಳು ಇದರಲ್ಲಿ ಕಳೆದುಹೋಗುತ್ತವೆ ಎಂಬುದು ಮಾತ್ರ ನಿಜವಾದ ನಷ್ಟ. ಪೀಠಿಕೆಯಲ್ಲಿ ಅವನ್ನು ಬರೆದಿಡುವ ಪುಣ್ಯಾತ್ಮರು ಕಡಿಮೆ. ಮೈಕ್ರೋಸಾಫ್ಟ್‌ನ ತಂಡಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಓದುವವರಿಗೆ ವಾದ ಬೇಕೆಂಬುದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ರಿವ್ಯೂ ಇರುವುದು ದೋಷ ಹಿಡಿಯಲು ಎಂಬುದೇ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ. ಆದರೆ ಟಿಪ್ಪಣಿಗಳನ್ನು ತೆರೆದು ನೋಡಿದರೆ ದೋಷದ ಮಾತಿಗಿಂತ ಕೋಡ್ ಸುಧಾರಣೆಯ ಮಾತೇ ಹೆಚ್ಚಿತ್ತು. ಬದಲಾವಣೆ ಏನು, ಏಕೆ ಎಂದು ಅರ್ಥಮಾಡಿಕೊಳ್ಳುವುದೇ ಓದುವವರ ದೊಡ್ಡ ಕಷ್ಟವಾಗಿತ್ತು.

ಸರಣಿ ಹೋಯಿತು, ಟಿಪ್ಪಣಿಗಳು ಬಂದವು. ಬೆಂಗಳೂರಿನಿಂದ ಸಂಜೆ ಕಳಿಸಿದ್ದಕ್ಕೆ ಅಮೆರಿಕದ ಉತ್ತರ ಇಲ್ಲಿನ ಮಧ್ಯರಾತ್ರಿಗೆ ಬರುತ್ತದೆ. ಟಿಪ್ಪಣಿಗಳು ಹೇಳುತ್ತವೆ: ಮೂರನೆಯದನ್ನು ಎರಡು ಮಾಡಿ, ಒಂಬತ್ತನೆಯದು ಬೇಡ, ಏಳನೆಯದರಲ್ಲಿ ಬೀಗದ (ಒಂದೇ ದತ್ತಾಂಶಕ್ಕೆ ಇಬ್ಬರು ಒಟ್ಟಿಗೆ ಕೈ ಹಾಕದಂತೆ ತಡೆಯುವ ಲಾಕ್‌ನ) ಕ್ರಮ ತಪ್ಪಿದೆ. ಬರೆದವರು ತಿದ್ದಿ ಎರಡನೇ ಆವೃತ್ತಿ ಕಳಿಸುತ್ತಾರೆ, ಆಮೇಲೆ ಮೂರನೆಯದು. ಹತ್ತು ಆವೃತ್ತಿ ದಾಟುವ ಸರಣಿಗಳೂ ಅಪರೂಪವಲ್ಲ. ರಿವ್ಯೂ ಮಾಡುವವರ ಸಂಕಟ ಶುರುವಾಗುವುದು ಇಲ್ಲಿ. ಹನ್ನೆರಡನ್ನೂ ಮತ್ತೆ ಮೊದಲಿನಿಂದ ಓದಬೇಕೇ? ಬದಲಾದದ್ದನ್ನಷ್ಟೇ ಓದೋಣವೆಂದರೆ ರೀಬೇಸ್ ಆದಮೇಲೆ ಎಲ್ಲ ಕಮಿಟ್‌ಗಳ ಗುರುತೂ ಹೊಸತು. ಹಳೆಯ ಯಾವ ಪ್ಯಾಚ್ ಹೊಸ ಯಾವ ಪ್ಯಾಚ್ ಆಗಿದೆ ಎಂದು ಗಿಟ್‌ಗೆ ಗೊತ್ತಿಲ್ಲ.

ಆಂಡ್ರಾಯ್ಡ್‌ಗಾಗಿ ಗೂಗಲ್ ಬೆಳೆಸಿದ ಗೆರಿಟ್ ಇದನ್ನು ಸರಳವಾಗಿ ಬಿಡಿಸಿಕೊಂಡಿತು: ಕಮಿಟ್‌ನ ವಿವರಣೆಯೊಳಗೇ ಬದಲಾಗದ ಒಂದು ಸಂಖ್ಯೆ ಬರೆದಿಡುವುದು. ಗಿಟ್ ಹಿಡಿದ ದಾರಿ ಗಣಿತದ್ದು. ಹಳೆಯ ಪ್ರತಿ ಪ್ಯಾಚನ್ನೂ ಹೊಸ ಪ್ರತಿ ಪ್ಯಾಚಿನ ಪಕ್ಕ ಇಟ್ಟು ಎಷ್ಟು ಸಾಲು ವ್ಯತ್ಯಾಸವಿದೆ ಎಂದು ಎಣಿಸಿ ಕೋಷ್ಟಕ ಮಾಡುವುದು. ಒಟ್ಟು ವ್ಯತ್ಯಾಸ ಅತಿ ಕಡಿಮೆಯಾಗುವಂತೆ ಜೋಡಿ ಕೂಡಿಸುವುದು. ಪ್ರತಿಯೊಂದಕ್ಕೂ ಅದರ ಅತಿ ಹತ್ತಿರದ್ದನ್ನು ಕೊಟ್ಟರೆ ಸಾಲದು. ಎರಡು ಹೊಸ ಪ್ಯಾಚ್‌ಗಳು ಒಂದೇ ಹಳೆಯದರ ಮೇಲೆ ಹಕ್ಕು ಹೂಡಬಹುದು. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸೋಣವೆಂದರೆ, ಬರೀ 12ಕ್ಕೆ 12 ಜೋಡಿಸುವ ಬಗೆಗಳೇ ಸುಮಾರು 47 ಕೋಟಿ 90 ಲಕ್ಷ.

ಇದು ಕಂಪ್ಯೂಟರಿಗಿಂತ ಹಳೆಯ ಸಮಸ್ಯೆ. ಇಷ್ಟು ಜನಕ್ಕೆ ಇಷ್ಟು ಕೆಲಸಗಳನ್ನು ಅತಿ ಕಡಿಮೆ ವೆಚ್ಚದಲ್ಲಿ ಹೇಗೆ ಹಂಚಬೇಕು ಎಂಬ ರೂಪದಲ್ಲಿ ಅದು ಪಠ್ಯಪುಸ್ತಕಗಳಲ್ಲಿದೆ. ಅಮೆರಿಕದ ಹೆರಾಲ್ಡ್ ಕುನ್ 1955ರಲ್ಲಿ ಅದಕ್ಕೊಂದು ಚುರುಕಾದ ವಿಧಾನ ಕೊಟ್ಟು, ತಮಗೆ ದಾರಿ ತೋರಿದ ಇಬ್ಬರು ಹಂಗೇರಿಯನ್ ಗಣಿತಜ್ಞರ ಗೌರವಕ್ಕೆ ‘ಹಂಗೇರಿಯನ್ ವಿಧಾನ’ ಎಂದು ಕರೆದರು. ಬಹಳ ಕಾಲದ ಮೇಲೆ ಗೊತ್ತಾದದ್ದು: 1851ರಲ್ಲಿ ತೀರಿಕೊಂಡ ಜರ್ಮನಿಯ ಯಾಕೋಬಿ ಇದನ್ನು ಆಗಲೇ ಬಿಡಿಸಿಟ್ಟಿದ್ದ. ಬರಹ ಲ್ಯಾಟಿನ್‌ನಲ್ಲಿತ್ತು, 1890ರಲ್ಲಿ ಅಚ್ಚಾಗಿತ್ತು, ಯಾರೂ ಗಮನಿಸಿರಲಿಲ್ಲ. ಗಿಟ್ ಬಳಸುವುದು ಯೋಂಕರ್ ಮತ್ತು ವೋಲ್ಗೆನಾಂಟ್ 1987ರಲ್ಲಿ ಪ್ರಕಟಿಸಿದ ಇನ್ನೂ ವೇಗದ ಕ್ರಮವನ್ನು. ಪ್ಯಾಚ್‌ಗಳು ದ್ವಿಗುಣವಾದರೆ ಅದರ ಕೆಲಸ ಹೆಚ್ಚೆಂದರೆ ಎಂಟು ಪಟ್ಟಿನ ಆಸುಪಾಸಿಗೆ ಏರುತ್ತದೆ, ಕೋಟಿಗಳಿಗೆ ಹಾರುವುದಿಲ್ಲ.

2018ರ ಸೆಪ್ಟೆಂಬರಿನಲ್ಲಿ 2.19ನೇ ಗಿಟ್ ಜೊತೆ ಬಂದ ಈ ಸಲಕರಣೆಯ ಹೆಸರು ರೇಂಜ್-ಡಿಫ್. ಅದು ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಪಟ್ಟಿ ಮಾಡುತ್ತದೆ. ಬದಲಾಗದ್ದರ ನಡುವೆ ಸಮಚಿಹ್ನೆ, ಬದಲಾದದ್ದಕ್ಕೆ ಉದ್ಗಾರ, ಬಿಟ್ಟುಹೋದದ್ದಕ್ಕೂ ಹೊಸದಾಗಿ ಬಂದದ್ದಕ್ಕೂ ಎಡ-ಬಲದ ಬಾಣ. ಉದ್ಗಾರದ ಕೆಳಗೆ ತೋರಿಸುವುದು ವ್ಯತ್ಯಾಸದ ವ್ಯತ್ಯಾಸ: ಸಾಲುಗಳ ಮುಂದೆ ಕೂಡು-ಕಳೆ ಚಿಹ್ನೆಗಳ ಎರಡು ಪದರ. ಮೊದಲ ಸಲ ನೋಡಿದವರು ಬೆಚ್ಚುತ್ತಾರೆ. ಅಭ್ಯಾಸವಾದವರು ಏಳನೆಯ ಪ್ಯಾಚಿನ ಬೀಗದ ಕ್ರಮವೊಂದನ್ನೇ ನೋಡಿ, ಉಳಿದ ಸಮಚಿಹ್ನೆಗಳನ್ನು ನಂಬಿ ಮುಂದೆ ಹೋಗುತ್ತಾರೆ.

ತುಂಡು ಮಾಡುವುದಕ್ಕೆ ಒಂದು ಕಟ್ಟುಪಾಡಿದೆ: ಸರಣಿಯನ್ನು ಯಾವ ಪ್ಯಾಚಿಗೆ ನಿಲ್ಲಿಸಿದರೂ ಕರ್ನಲ್ ಕಟ್ಟಿಕೊಳ್ಳಬೇಕು (ಕಂಪೈಲ್ ಆಗಬೇಕು), ಓಡಬೇಕು. ಇದು ಮಡಿವಂತಿಕೆಯಲ್ಲ. ಕರ್ನಲ್‌ನ ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಒಂಬತ್ತು-ಹತ್ತು ವಾರ. ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್‌ಗಳು ಸೇರುತ್ತವೆ. ಹಳೆಯದರಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಟ್ಟಿದ್ದರೆ ನಟ್ಟನಡುವಿನ ಕಮಿಟ್ ಪರೀಕ್ಷಿಸಿ, ಅರ್ಧವನ್ನು ಬಿಟ್ಟು, ಉಳಿದರ್ಧದ ನಡುವೆ ಮತ್ತೆ ಪರೀಕ್ಷಿಸುತ್ತ ಹೋದರೆ ಸುಮಾರು 14 ಪರೀಕ್ಷೆಗೆ ಅಪರಾಧಿ ಸಿಗುತ್ತದೆ. ನಡುವೆಲ್ಲೋ ಕಟ್ಟಿಕೊಳ್ಳದ ಪ್ಯಾಚ್ ಇದ್ದರೆ ಈ ಹುಡುಕಾಟ ಅಲ್ಲೇ ಮುಗ್ಗರಿಸುತ್ತದೆ.

ಈ ಶಿಸ್ತಿಗೆ ಎಷ್ಟು ತಾಳ್ಮೆ ಬೇಕೆನ್ನುವುದಕ್ಕೆ ರಿಯಲ್-ಟೈಮ್ ಲಿನಕ್ಸ್ ಸಾಕ್ಷಿ. ಕಾರ್ಖಾನೆಯ ಯಂತ್ರಗಳಿಗೆ ಬೇಕಾದ, ನಿಗದಿತ ಗಡುವಿನೊಳಗೆ ಉತ್ತರಿಸುವ ಗುಣವನ್ನು ಕರ್ನಲ್‌ಗೆ ತರುವ ಆ ಕೆಲಸ ಸುಮಾರು ಇಪ್ಪತ್ತು ವರ್ಷ ಹೊರಗಿನ ಪ್ಯಾಚ್ ಕಟ್ಟಾಗಿಯೇ ಉಳಿದು, ತುಂಡುತುಂಡಾಗಿ ಒಳಸೇರಿತು. 2024ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಥಾಮಸ್ ಗ್ಲೈಕ್ಸ್‌ನರ್ ಕೊನೆಯ ಕಂತನ್ನು ಕಾಗದದಲ್ಲಿ ಮುದ್ರಿಸಿ, ಚಿನ್ನದ ಬಣ್ಣದ ಹೊದಿಕೆ ಸುತ್ತಿ ಟೋರ್ವಾಲ್ಡ್ಸ್ ಕೈಗೆ ಕೊಟ್ಟರು. ಅದು 6.12ನೇ ಕರ್ನಲ್ ಸೇರಿತು.

ಇಷ್ಟೆಲ್ಲ ಇದ್ದೂ ಒಂದು ಬಗೆಯ ತಪ್ಪು ಸರಣಿಯ ಓದಿಗೆ ಸಿಗುವುದಿಲ್ಲ. ಒಬ್ಬರ ಸರಣಿ ಒಂದು ಫಂಕ್ಷನ್‌ನ ಹೆಸರು ಬದಲಿಸುತ್ತದೆ; ಅದೇ ವಾರ ಕರ್ನಲ್‌ನ ಬೇರೆ ಭಾಗ ನೋಡಿಕೊಳ್ಳುವ ಮೇಂಟೇನರ್ ಬಳಿಯ ಇನ್ನೊಂದು ಸರಣಿ ಹಳೆಯ ಹೆಸರಿನಿಂದಲೇ ಅದನ್ನು ಹೊಸ ಕಡತದಲ್ಲಿ ಕರೆಯುತ್ತದೆ. ಎರಡೂ ಬೇರೆಬೇರೆಯಾಗಿ ಸರಿ. ಮುಟ್ಟಿದ ಸಾಲುಗಳು ಬೇರೆಯಾದ್ದರಿಂದ ಗಿಟ್ ತಕರಾರಿಲ್ಲದೆ ಕೂಡಿಸುತ್ತದೆ, ಕೂಡಿದ ಕರ್ನಲ್ ಕಟ್ಟಿಕೊಳ್ಳುವುದಿಲ್ಲ. ಅದಕ್ಕೆಂದೇ 2008ರಲ್ಲಿ ಆಸ್ಟ್ರೇಲಿಯಾದ ಸ್ಟೀಫನ್ ರಾತ್‌ವೆಲ್ ಲಿನಕ್ಸ್-ನೆಕ್ಸ್ಟ್ ಎಂಬುದನ್ನು ಶುರುಮಾಡಿದರು. ಮೇಂಟೇನರ್‌ಗಳ ನೂರಾರು ಬ್ರಾಂಚ್‌ಗಳನ್ನು ಕೆಲಸದ ದಿನಗಳಲ್ಲಿ ಒಂದೇ ಕಡೆ ಕೂಡಿಸಿ, ಕಟ್ಟಿ ನೋಡಿ, ಮುರಿದರೆ ಸಂಬಂಧಪಟ್ಟ ಇಬ್ಬರಿಗೂ ಪತ್ರ ಬರೆಯುವುದು ಅಲ್ಲಿನ ಕೆಲಸ. ಎಲ್ಲ ಕೂಡಿದ ಆ ಕರ್ನಲ್ ಬಿಡುಗಡೆಯಾಗುವುದಿಲ್ಲ. ಮರುದಿನ ಹೊಸ ಕೂಡಿಕೆ.